ಕಾಲುವೆ ತೆರೆದರೂ ಟಪಾಲು ರೈಲನ್ನು ಬಿಡಲಿಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಹಡಗು ಅಂಚೆಯ ಲೇಖನವನ್ನು ಖುಷಿಯಿಂದಲೇ ಓದುತ್ತಿದ್ದೆ. ಆದರೆ 1869ರಲ್ಲಿ ಸೂಯೆಜ್ ಕಾಲುವೆ ತೆರೆದದ್ದೇ ತಡ, ಲಂಡನ್ನಿನ ಪತ್ರಗಳು ಅದರೊಳಗಿಂದ ನೇರ ಮುಂಬಯಿಗೆ ಬರತೊಡಗಿದವು ಎಂಬ ಮಾತಿನ ಹತ್ತಿರ ಬಂದು ಪತ್ರಿಕೆ ಕೆಳಗಿಟ್ಟೆ. ಓಡುವ ರೈಲಿನಲ್ಲೇ ಅಂಚೆ ವಿಂಗಡಿಸುತ್ತಿದ್ದ ಆರ್‌ಎಂಎಸ್‌ನಲ್ಲಿ (ರೈಲ್ವೆ ಮೇಲ್ ಸರ್ವಿಸ್) ಮೂವತ್ತೊಂದು ವರ್ಷ ಚೀಲ ಬಿಚ್ಚಿ ಕಟ್ಟಿದವನು ನಾನು. ಟಪಾಲು ಹಿಡಿದ ದಾರಿಯನ್ನೇ ತಪ್ಪಾಗಿ ಬರೆದರೆ ಸುಮ್ಮನಿರಲು ಕೈ ಬಿಡುವುದಿಲ್ಲ.

ಕಾಲುವೆ ತೆರೆದದ್ದು ನಿಜ. ಟಪಾಲು ಒಯ್ಯುತ್ತಿದ್ದ ಬ್ರಿಟಿಷ್ ಹಡಗು ಕಂಪನಿ ಪಿ ಅಂಡ್ ಒದ ಹಡಗುಗಳು ಅದರಲ್ಲಿ ಸಾಗತೊಡಗಿದ್ದೂ ನಿಜ. ಪತ್ರದ ಚೀಲಗಳು ಮಾತ್ರ ಅಲೆಕ್ಸಾಂಡ್ರಿಯಾದಲ್ಲಿ ಇಳಿದು, ಈಜಿಪ್ಟಿನ ರೈಲು ಹತ್ತಿ, ಸೂಯೆಜ್‌ನಲ್ಲಿ ಮತ್ತೆ ಹಡಗು ಸೇರುತ್ತಿದ್ದವು. ಕಾರಣ ಒಪ್ಪಂದ. 1868ರಿಂದ ಜಾರಿಗೆ ಬಂದ, ಬ್ರಿಟಿಷ್ ಅಂಚೆ ಇಲಾಖೆಗೂ ಕಂಪನಿಗೂ ನಡುವಿನ ಕರಾರು ಈ ರೈಲು ದಾರಿಯನ್ನೇ ಹೇಳಿತ್ತು. ಅದೇ ಕರಾರಿನಲ್ಲಿ ಇನ್ನೊಂದು ಸ್ವಾರಸ್ಯವಿದೆ: ಕಂಪನಿಗೆ ವರ್ಷಕ್ಕೆ 4,00,000 ಪೌಂಡು, ಷೇರುದಾರರಿಗೆ ನೂರಕ್ಕೆ ಎಂಟರ ಲಾಭಾಂಶ ಕೊಡಲು ಆಗದಿದ್ದರೆ ಅದು 5,00,000ದವರೆಗೂ ಏರಬಹುದು! ಖಾಸಗಿ ಕಂಪನಿಯ ಲಾಭಕ್ಕೆ ಸರ್ಕಾರಿ ಖಜಾನೆಯೇ ಜಾಮೀನು. ಆ ಹೊರೆಯಲ್ಲಿ ಒಂದು ಪಾಲು ಭಾರತದ ಖಜಾನೆಯದು, ಅಂದರೆ ಇಲ್ಲಿನ ರೈತನ ಕಂದಾಯದಿಂದ ತುಂಬಿದ್ದು. ಲೇಖಕರು 'ಬ್ರಿಟಿಷರ ಕೊಡುಗೆ' ಎಂದು ಬರೆಯುವಾಗ ಇದನ್ನೂ ಒಂದು ಸಾಲಿನಲ್ಲಿ ಹೇಳಬಹುದಿತ್ತು.

1870ರಲ್ಲಿ ಈ ಏರಿಳಿತವನ್ನು ತೆಗೆದು 4,50,000 ಪೌಂಡು ಎಂದು ಗೊತ್ತುಮಾಡಿದರು. ಟಪಾಲನ್ನೂ ಕಾಲುವೆಯಲ್ಲೇ ಒಯ್ಯುತ್ತೇವೆ ಎಂದು ಕಂಪನಿ ಕೇಳಿದಾಗ, ಅದರಿಂದ ನಿಮಗೆ ಖರ್ಚು ಉಳಿಯುತ್ತದಲ್ಲ, ಹಾಗಾದರೆ 30,000 ಪೌಂಡು ಬಿಡಿ ಎಂದಿತು ಲಂಡನ್ನಿನ ಅಂಚೆ ಇಲಾಖೆ. ಸಂತೆಯಲ್ಲಿ ಎತ್ತಿನ ವ್ಯಾಪಾರ ಕುದುರಿದಂತೆ ವರ್ಷಗಟ್ಟಲೆ ಎಳೆದಾಡಿ, 1874ರಲ್ಲಿ 20,000ಕ್ಕೆ ನಿಂತಿತು. ಆಗ ಕಾಲುವೆಗೆ ಬಂದದ್ದು ಭಾರದ ಟಪಾಲು ಮಾತ್ರ, ಅಂದರೆ ಇಂಗ್ಲೆಂಡಿನಿಂದ ಪೂರ್ತಿ ಸಮುದ್ರದ ದಾರಿಯಲ್ಲೇ ನಿಧಾನವಾಗಿ ಬರುತ್ತಿದ್ದದ್ದು. ರೈಲಿನಲ್ಲಿ ಇಟಲಿಯ ಬ್ರಿಂಡಿಸಿ ಬಂದರಿಗೆ ಬಂದು ಅಲ್ಲಿಂದ ಹಡಗಿನಲ್ಲಿ ಹೊರಡುತ್ತಿದ್ದ ತುರ್ತು ಪತ್ರಗಳು 1888ರವರೆಗೂ ಅಲೆಕ್ಸಾಂಡ್ರಿಯಾದಲ್ಲಿ ಇಳಿದು ರೈಲು ಹತ್ತುತ್ತಲೇ ಇದ್ದವು.

ಅಂಚೆಯವರನ್ನು ಪೂರ್ತಿ ಬೈಯುವಂತೆಯೂ ಇಲ್ಲ. ಮೊದಮೊದಲು ಕಾಲುವೆಯಲ್ಲಿ ಕತ್ತಲಾದರೆ ಹಡಗು ಕಟ್ಟಿ ನಿಲ್ಲಿಸಬೇಕಿತ್ತು. ವಿದ್ಯುತ್ ದೀಪ ಹಿಡಿದು ರಾತ್ರಿಯೂ ಸಾಗಲು ಎಲ್ಲ ಹಡಗುಗಳಿಗೆ ಅವಕಾಶವಾದದ್ದು 1887ರಲ್ಲಿ. ಅಲ್ಲಿಯವರೆಗೆ ರೈಲೇ ಬೇಗ. ಹೊಸ ದಾರಿ ಎಂದಾಕ್ಷಣ ಅದು ಹತ್ತಿರದ ದಾರಿಯಾಗಬೇಕಿಲ್ಲ, ನಮ್ಮ ಬೈಪಾಸುಗಳನ್ನು ನೋಡಿದವರಿಗೆ ಗೊತ್ತು.

ಲೇಖನ ಪಿ ಅಂಡ್ ಒದಿಂದಲೇ ಶುರುವಾಗಿರುವುದೂ ಸರಿಯಲ್ಲ. ಅದಕ್ಕೆ ಮೊದಲೇ, 1830ರ ಮಾರ್ಚ್ 20ರಂದು, ಮುಂಬಯಿಯಲ್ಲೇ ಕಟ್ಟಿದ 'ಹ್ಯೂ ಲಿಂಡ್ಸೆ' ಎಂಬ 411 ಟನ್ನಿನ ಉಗಿಹಡಗು ಸೂಯೆಜ್‌ಗೆ ಹೊರಟಿತ್ತು. ಅದರಲ್ಲಿ ಐದೂವರೆ ದಿನಕ್ಕೆ ಆಗುವಷ್ಟು ಕಲ್ಲಿದ್ದಲಿಗೆ ಮಾತ್ರ ಜಾಗ. ದಾರಿಯಲ್ಲಿನ ಯೆಮೆನ್‌ನ ಏಡನ್ ಬಂದರು ತಲುಪಲು ಬೇಕಾದದ್ದು ಹನ್ನೊಂದು ದಿನ. ಕ್ಯಾಬಿನ್ನುಗಳಲ್ಲೆಲ್ಲ ಕಲ್ಲಿದ್ದಲು ತುಂಬಿ ಹೊರಟರು. ಏಡನ್‌ನಲ್ಲಿ ಲಂಗರು ಹಾಕಿದಾಗ ಉಳಿದದ್ದು ಇನ್ನು ಆರು ಗಂಟೆಗೆ ಸಾಲುವಷ್ಟು. ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರಿಗೆ ಸಾಹಸ ಕಾಣಲಿಲ್ಲ, ಖರ್ಚು ಕಂಡಿತು. 1839ರಲ್ಲಿ ಬ್ರಿಟಿಷರು ಏಡನ್ನನ್ನು ವಶಪಡಿಸಿಕೊಂಡದ್ದರ ಹಿಂದೆ ಈ ಕಲ್ಲಿದ್ದಲಿನ ಲೆಕ್ಕವೂ ಇತ್ತು.

ಇನ್ನು ನನ್ನ ವೃತ್ತಿಯವರ ಮಾತು. ಲೇಖನದಲ್ಲಿ ಅವರ ಸುದ್ದಿಯೇ ಇಲ್ಲ. 1868ರಿಂದ ಹಡಗಿನೊಳಗೇ ಒಂದು ಸಮುದ್ರ ಅಂಚೆ ಕಚೇರಿ ನಡೆಯುತ್ತಿತ್ತು. ಹಡಗು ಮುಂಬಯಿ ಮುಟ್ಟುವಷ್ಟರಲ್ಲಿ ಗುಮಾಸ್ತರು ಪತ್ರಗಳನ್ನೆಲ್ಲ ವಿಂಗಡಿಸಿ, ಊರೂರಿನ ಕಟ್ಟು ಕಟ್ಟಿ, ರೈಲಿಗೆ ಹಾಕಲು ಸಿದ್ಧ ಮಾಡಿಡುತ್ತಿದ್ದರು. ಮೊದಲು ಮುಂಬಯಿ–ಸೂಯೆಜ್ ನಡುವೆ, ಆಮೇಲೆ ಏಡನ್‌ವರೆಗೆ. 1914ರ ಯುದ್ಧ ಬಂದಾಗ ಅದು ನಿಂತಿತು. ಕ್ಯಾಸಲ್ ರಾಕ್ ಘಾಟಿನ ತಿರುವುಗಳಲ್ಲಿ ನಾನು ಗೂಡಿಗೆ ಹಾಕಿದ ಕಾರ್ಡು ಎಷ್ಟೋ ಸಲ ನನ್ನ ಕಾಲ ಬುಡಕ್ಕೇ ಬಿದ್ದಿದೆ. ಮುಂಗಾರಿನ ಅರಬ್ಬಿ ಸಮುದ್ರದಲ್ಲಿ ಅವರು ಹೇಗೆ ನಿಂತು ಕೆಲಸ ಮಾಡಿದರೋ!

ನನ್ನ ಸಂಗ್ರಹದಲ್ಲಿ 1870ರ ದಶಕದ ಒಂದು ಲಕೋಟೆ ಇದೆ, ಮಂಗಳೂರಿನ ವಿಳಾಸದ್ದು. ಎಡಮೂಲೆಯಲ್ಲಿ ಕಂದಿದ ಶಾಯಿಯಲ್ಲಿ 'ವಯಾ ಬ್ರಿಂಡಿಸಿ' ಎಂದಿದೆ. ಈ ದಾರಿಗೆ ಅಂಚೆ ವೆಚ್ಚ ಹೆಚ್ಚು, ಆದ್ದರಿಂದ ಕಳಿಸಿದವರಿಗೆ ಅವಸರವಿತ್ತು ಎಂದಾಯಿತು. ಹಿಂಬದಿಯಲ್ಲಿ ಸಮುದ್ರ ಅಂಚೆ ಕಚೇರಿಯ ಮುದ್ರೆ, ಅರ್ಧ ಅಳಿಸಿದ್ದು. ಇಟಲಿಯ ರೈಲು, ಈಜಿಪ್ಟಿನ ರೈಲು, ಸಮುದ್ರಗಳನ್ನು ದಾಟಿ ಅಷ್ಟು ಅವಸರದಲ್ಲಿ ಬಂದ ಕಾಗದ. ಆದರೆ ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಕೊನೆಯ ಹಾದಿಗೆ ಕರಾವಳಿಯ ಹಡಗು ಸಿಕ್ಕರೆ ಸಿಕ್ಕಿತು, ಮಳೆಗಾಲವಾದರೆ ಅದೂ ಇಲ್ಲ. ಚೀಲ ಹೊತ್ತು ಓಡುವ ಅಂಚೆಯವನೇ ಗತಿ.

ಪುರವಣಿಯ ಲೇಖನಗಳನ್ನು ಪುಸ್ತಕವಾಗಿ ತರುವುದಾಗಿ ಪ್ರಕಟಿಸಿದ್ದೀರಿ. ಅಚ್ಚಿಗೆ ಹೋಗುವ ಮೊದಲು ಆ ಸಾಲನ್ನು 'ಭಾರದ ಟಪಾಲು 1874ರಿಂದ, ತುರ್ತು ಪತ್ರಗಳು 1888ರಿಂದ' ಎಂದು ತಿದ್ದಿಸಬೇಕಾಗಿ ವಿನಂತಿ. ಲಕೋಟೆಯ ಚಿತ್ರ ಬೇಕಿದ್ದರೆ ಎರಡೂ ಬದಿಯದನ್ನು ತೆಗೆಸಿ ಕಳಿಸುತ್ತೇನೆ.

– ನಿವೃತ್ತ ಆರ್‌ಎಂಎಸ್ ಸಾರ್ಟರ್, ಹುಬ್ಬಳ್ಳಿ