ಕನ್ನಡಿ ನೋಡದೆ ಬರೆದ ಕನ್ನಡಿ ಪ್ರಯೋಗ

ಮಾನ್ಯ ಸಂಪಾದಕರೇ,

ನಾನು ಪದವಿ ಕಾಲೇಜಿನಲ್ಲಿ ಮನೋವಿಜ್ಞಾನ ಕಲಿಸಿ ನಿವೃತ್ತಳಾದವಳು. ನಾನು ಕೆಲಸಕ್ಕೆ ಸೇರಿದಾಗ ಇತಿಹಾಸ, ಸಮಾಜಶಾಸ್ತ್ರಗಳ ಜೊತೆಗೆ ಮೂರನೆಯದೊಂದು ಇರಲಿ ಎಂದು ಆರಿಸಿಕೊಳ್ಳುತ್ತಿದ್ದ ವಿಷಯವನ್ನು ಈಗ ಮಲೆನಾಡಿನ ಮಕ್ಕಳು ಕೇಳಿ ಪಡೆಯುತ್ತಿರುವುದನ್ನು ಕಂಡರೆ ಸಂತೋಷವಾಗುತ್ತದೆ. ಆದರೆ ಈಚೆಗೆ ನಮ್ಮ ಮನೆಯ ಜಗಲಿಯಲ್ಲಿ ನಡೆದ ಒಂದು ಸಂಗತಿ ಆ ಸಂತೋಷವನ್ನು ಸ್ವಲ್ಪ ಕುಂದಿಸಿತು.

ಬಿ.ಎ. ಎರಡನೆಯ ವರ್ಷದಲ್ಲಿ ಮನೋವಿಜ್ಞಾನವನ್ನು ಮೇಜರ್ ಆಗಿ ಓದುತ್ತಿರುವ ಪಕ್ಕದ ಮನೆಯ ಹುಡುಗಿ ತನ್ನ ಪ್ರಾಯೋಗಿಕ ರೆಕಾರ್ಡನ್ನು ತೋರಿಸಲು ತಂದಿದ್ದಳು. ಅಕ್ಷರ ಮುತ್ತಿನಂತಿತ್ತು. ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಅಂಚನ್ನು ಪೆನ್ಸಿಲಿನಿಂದ ತಿದ್ದುವ ಪ್ರಯೋಗದಲ್ಲಿ ಮೊದಲ ಯತ್ನಕ್ಕೆ 118 ಸೆಕೆಂಡು, ಹತ್ತನೆಯದಕ್ಕೆ 31 ಸೆಕೆಂಡು ಎಂದಿತ್ತು. ನಡುವಿನ ಅಂಕಿಗಳೆಲ್ಲ ಮೆಟ್ಟಿಲಿಳಿದ ಹಾಗೆ ಒಂದರ ಕೆಳಗೊಂದು ಇಳಿದಿದ್ದವು. ಕನ್ನಡಿಯ ಉಪಕರಣ ಹೇಗಿತ್ತೆಂದು ಕೇಳಿದೆ. ‘ನೋಡಿಲ್ಲ ಮೇಡಂ, ಸೀನಿಯರ್ ರೆಕಾರ್ಡ್ ನೋಡಿ ಬರೆದದ್ದು, ನಮ್ಮಲ್ಲಿ ಎಲ್ಲರೂ ಹಾಗೇ’ ಎಂದಳು. ಆ ಕಾಲೇಜಿನ ಹೆಸರು ಇಲ್ಲಿ ಬೇಡ. ಅವಳ ಮಾತಿನಲ್ಲಿ ಕಳ್ಳತನದ ಅಳುಕು ಇರಲಿಲ್ಲ, ಏಕೆಂದರೆ ಪ್ರಯೋಗವೆಂದರೆ ನಕಲು ಮಾಡುವ ಒಂದು ಬಗೆಯ ಬರವಣಿಗೆ ಎಂದೇ ಅವಳಿಗೆ ಅಭ್ಯಾಸವಾಗಿತ್ತು.

ಸರಿ, ಮನೆಯಲ್ಲೇ ಮಾಡೋಣ ಎಂದೆ. ಹಾಳೆಯ ಮೇಲೆ ಸ್ಕೇಲು ಹಿಡಿದು ಜೋಡಿಗೆರೆಯ ಆರು ಮೂಲೆಯ ನಕ್ಷತ್ರ ಬರೆದೆವು. ಗೋಡೆಯ ಚಿಕ್ಕ ಕನ್ನಡಿಯನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ, ಕೈ ನೇರವಾಗಿ ಕಾಣದಂತೆ ಒಣಗಿದ ಅಡಿಕೆ ಹಾಳೆಯೊಂದನ್ನು ಅಡ್ಡ ನಿಲ್ಲಿಸಿದೆವು. ಪ್ರಯೋಗಕ್ಕೆ ಒಳಗಾದವರು ಹುಡುಗಿಯ ಅಜ್ಜಿ. ಅರವತ್ತು ವರ್ಷಗಳಿಂದ ದಿನಾ ಬೆಳಿಗ್ಗೆ ಹೊಸ್ತಿಲಿಗೆ ರಂಗೋಲಿ ಹಾಕುತ್ತ ಬಂದ ಕೈ, ಮೊದಲ ಮೂಲೆಯಲ್ಲೇ ನಿಂತುಬಿಟ್ಟಿತು. ಮುಂದಕ್ಕೆ ಒಯ್ದರೆ ಪೆನ್ಸಿಲು ಹಿಂದಕ್ಕೆ ಬರುತ್ತದೆ, ಹಿಂದಕ್ಕೆಳೆದರೆ ಗೆರೆ ದಾಟುತ್ತದೆ. ‘ಇದು ನನ್ನ ಕೈಯಲ್ಲ ಕಣೇ, ಯಾರದ್ದೋ’ ಎಂದು ಅಜ್ಜಿ ನಕ್ಕರು. ಆ ಯತ್ನಕ್ಕೆ ಹಿಡಿದದ್ದು 230 ಸೆಕೆಂಡು. ಮೂರನೆಯದಕ್ಕೆ 125, ನಾಲ್ಕನೆಯದಕ್ಕೆ 104. ಐದನೆಯದು ನಡೆಯುತ್ತಿರುವಾಗ ಹಂಚಿನ ಮೇಲೆ ಹನಿ ಬಿದ್ದ ಸದ್ದಾಗಿ, ಅಂಗಳದಲ್ಲಿ ಹರವಿದ್ದ ಅಡಿಕೆಯ ಕಡೆಗೆ ಅಜ್ಜಿಯ ಗಮನ ಹೋಯಿತು. ಸಮಯ 171ಕ್ಕೆ ಏರಿತು. ಹತ್ತನೆಯದು 58. ಕೊನೆಗೆ ಎಡಗೈಯಲ್ಲಿ ಮಾಡಿಸಿದಾಗ, ಆರಂಭದಲ್ಲಿ ಎಡಗೈ ತೆಗೆದುಕೊಂಡಿದ್ದ ಸಮಯದ ಅರ್ಧವೂ ಬೇಕಾಗಲಿಲ್ಲ. ಬಲಗೈ ಕಲಿತದ್ದರಲ್ಲಿ ಒಂದು ಪಾಲು ಎಡಗೈಗೂ ಬಂದಿತ್ತು.

ಗ್ರಾಫ್ ಬರೆಯಲು ಕೂತ ಹುಡುಗಿ ಕೇಳಿದ ಮೊದಲ ಪ್ರಶ್ನೆ: ‘ಐದನೆಯದನ್ನು ತೆಗೆದುಬಿಡಲಾ ಮೇಡಂ, ಗೆರೆ ಚೆನ್ನಾಗಿ ಕಾಣುವುದಿಲ್ಲ.’ ತೆಗೆಯಬೇಡ, ಅದೇಕೆ ಏರಿತೆಂದು ಪಕ್ಕದಲ್ಲಿ ಬರೆ ಎಂದೆ. ಬರೆಯುತ್ತ ಅವಳಿಗೇ ಮುಂದಿನ ಪ್ರಶ್ನೆಗಳು ಹುಟ್ಟಿದವು: ಗಮನ ಬೇರೆಡೆ ಹೋದರೆ ಕಲಿತದ್ದು ಕಳೆಯುತ್ತದೆಯೇ, ಅಥವಾ ಆ ಹೊತ್ತಿಗೆ ಮರೆಯಾಗುತ್ತದೆಯೇ? ಕಳೆದಿದ್ದರೆ ಆರನೆಯ ಯತ್ನ ಹೇಗಿರಬೇಕಿತ್ತು? ಎರಡು ವರ್ಷ ನೋಟ್ಸ್ ಬರೆದುಕೊಂಡ ಹುಡುಗಿ ಮನೋವಿಜ್ಞಾನದ ವಿದ್ಯಾರ್ಥಿನಿಯಂತೆ ಮಾತನಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಪ್ರಯೋಗಾಲಯ ತೆರೆದದ್ದನ್ನೇ ಈ ಶಾಸ್ತ್ರದ ಹುಟ್ಟೆಂದು ಮೊದಲ ಸೆಮಿಸ್ಟರಿನಲ್ಲಿ ಬಾಯಿಪಾಠ ಮಾಡಿಸುತ್ತೇವೆ. ಭಾರತದಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ವಿಭಾಗ 1916ರಲ್ಲಿ ಆರಂಭವಾದರೆ, 1924ರಲ್ಲಿ ನಮ್ಮ ಮೈಸೂರಿನಲ್ಲಿ ವಿಭಾಗವನ್ನು ಕಟ್ಟಿದವರು ಲಂಡನ್ನಿನಲ್ಲಿ ಮನೋವಿಜ್ಞಾನಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದ ಪ್ರೊ. ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಆರಂಭಿಸಿ, ಆಕಾಶವಾಣಿ ಎಂಬ ಹೆಸರನ್ನು ನಾಡಿಗೆ ಪರಿಚಯಿಸಿದವರೂ ಅವರೇ. ಉಪಕರಣವನ್ನು ಕೈಯಲ್ಲಿ ಹಿಡಿದು ನೋಡುವ ಕುತೂಹಲವಿದ್ದ ಇಂಥ ಅಧ್ಯಾಪಕರಿಂದ ಕನ್ನಡನಾಡಿಗೆ ಬಂದ ವಿಷಯವನ್ನು, ನೂರು ವರ್ಷದ ಮೇಲೆ, ಉಪಕರಣದ ಮುಖ ನೋಡದೆ ಮುಗಿಸಬಹುದಾಗಿದೆ.

ವಿಶ್ವವಿದ್ಯಾಲಯ ಧನಸಹಾಯ ಆಯೋಗ 2025ರಲ್ಲಿ ಆರೋಗ್ಯಕ್ಕೆ ಸಂಬಂಧಿಸಿದ ಇತರ ಕೆಲವು ವಿಷಯಗಳ ಜೊತೆಗೆ ಮನೋವಿಜ್ಞಾನವನ್ನೂ ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಕಲಿಸಬಾರದೆಂದು ನಿರ್ದೇಶನ ನೀಡಿತು. ಮನೆಯಲ್ಲಿ ಕೂತು ಓದಿದರೆ ಸಾಲದು, ತರಗತಿಗೆ ಬಂದು ಎದುರುಬದುರು ಕಲಿಯಬೇಕು ಎಂಬ ತರ್ಕ ನನಗೆ ಒಪ್ಪಿಗೆಯೇ. ಆದರೆ ಹೊಸನಗರದ ಒಳಗಿನ ಹಳ್ಳಿಯಿಂದ ಬೆಳಿಗ್ಗೆ ಆರೂವರೆಯ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬರುವ ಹುಡುಗಿಗೆ ಅಲ್ಲಿಯೂ ಸಿಗುವುದು ಹಳೆಯ ರೆಕಾರ್ಡಿನ ನಕಲೇ ಆದರೆ, ಅವಳ ಓದೂ ದೂರಶಿಕ್ಷಣವೇ. ಬಸ್ ಚಾರ್ಜು ಮಾತ್ರ ಹೆಚ್ಚು.

ಪ್ರವೇಶದ ವೇಳೆ ಪೋಷಕರಿಗೆ ಹೇಳುವ ಮಾತಿನಲ್ಲೂ ಇದೇ ಸಡಿಲತನವಿದೆ. ಮನಸ್ಸಿನ ಕಾಯಿಲೆಯ ಬಗ್ಗೆ ನಾಚಿಕೆಯಿಲ್ಲದೆ ಮಾತನಾಡಲು ಈ ಊರಿಗೆ ಕಲಿಸಿದವರಲ್ಲಿ ಶಿವಮೊಗ್ಗದ ದಿವಂಗತ ಡಾ. ಅಶೋಕ್ ಪೈ ಪ್ರಮುಖರು. ಅವರು ಮನೋವೈದ್ಯರು; ಅಂದರೆ ಎಂ.ಬಿ.ಬಿ.ಎಸ್. ಮುಗಿಸಿ ಆಮೇಲೆ ಮನೋವೈದ್ಯಶಾಸ್ತ್ರ ಓದಿದವರು. ಬಿ.ಎ. ಮಾಡಿದರೆ ಮಗಳು ಅವರಂತೆ ಡಾಕ್ಟರಾಗುತ್ತಾಳೆ ಎಂದು ನಂಬಿ ಬಂದ ತಂದೆಯೊಬ್ಬರಿಗೆ ನಾನೇ ಅರ್ಧ ಗಂಟೆ ವಿವರಿಸಿದ್ದುಂಟು. ಚಿಕಿತ್ಸಾ ಮನೋವಿಜ್ಞಾನಿಯಾಗಲೂ ಸ್ನಾತಕೋತ್ತರ ಹಂತದ ವೃತ್ತಿ ತರಬೇತಿ ಪಡೆದು, 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಪದವಿ ಅದಕ್ಕೆ ತಳಪಾಯ ಮಾತ್ರ, ಅದನ್ನು ಸೇರುವ ದಿನವೇ ಹೇಳಿಬಿಡುವುದು ಒಳ್ಳೆಯದು. 2021ರಲ್ಲಿ ನಾಲ್ಕು ವರ್ಷದ ಪದವಿ ಬಂದು 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದ ಗಡಿಬಿಡಿಯಲ್ಲಿ ಪಠ್ಯ ಎರಡು ಸಲ ಬದಲಾಯಿತೆಂಬ ಅಧ್ಯಾಪಕರ ಗೋಳನ್ನೂ ಬಲ್ಲೆ. ಪಠ್ಯ ಎಷ್ಟು ಸಲ ಬದಲಾದರೂ ಕನ್ನಡಿ ಕನ್ನಡಿಯೇ.

ದುಬಾರಿ ಪ್ರಯೋಗಾಲಯವನ್ನು ನಾನು ಕೇಳುತ್ತಿಲ್ಲ. ನಮ್ಮೂರಲ್ಲೇ ಮಾಡಬಹುದಾದ ಅಭ್ಯಾಸ ಬೇಕಾದಷ್ಟಿದೆ. ‘ಬೇಜಾರು’ ಎಂಬ ಒಂದೇ ಮಾತನ್ನು ತೆಗೆದುಕೊಳ್ಳಿ: ದುಃಖ, ಮುನಿಸು, ಏಕತಾನತೆ, ಸುಸ್ತು, ಅವಮಾನ ಎಲ್ಲಕ್ಕೂ ನಾವು ಅದನ್ನೇ ಬಳಸುತ್ತೇವೆ. ಇಂಗ್ಲಿಷಿನ ಪ್ರಶ್ನಾವಳಿಯನ್ನು ಅನುವಾದಿಸಿ, ಎಲೆಚುಕ್ಕಿ ರೋಗಕ್ಕೆ ತೋಟ ಕಳೆದುಕೊಂಡ ರೈತನ ಮುಂದೆ ಇಟ್ಟು ‘ನಿಮಗೆ ಬೇಜಾರಾಗುತ್ತದೆಯೇ’ ಎಂದು ಕೇಳಿದರೆ, ಬರುವ ಹೌದು ಯಾವ ಹೌದು? ಇದನ್ನು ಬಿಡಿಸಿ ಕೇಳುವುದನ್ನು ಕಲಿಯಲು ಮೇಜರ್ ವಿದ್ಯಾರ್ಥಿಗಳಿಗೆ ಒಂದು ಸೆಮಿಸ್ಟರ್ ಕೊಟ್ಟರೂ ಅದು ವ್ಯರ್ಥವಾಗದು.

ಆದ್ದರಿಂದ ಕುವೆಂಪು ವಿಶ್ವವಿದ್ಯಾಲಯದಲ್ಲಿ ನನ್ನ ವಿನಂತಿ ಎರಡೇ. ಕಾಲೇಜುಗಳನ್ನು ವಿಶ್ವವಿದ್ಯಾಲಯಕ್ಕೆ ಸೇರಿಸಿಕೊಳ್ಳುವ ಸಂಯೋಜನೆಗಾಗಿ ಬರುವ ಸ್ಥಳೀಯ ವಿಚಾರಣಾ ಸಮಿತಿಯವರು ಉಪಕರಣಗಳ ಪಟ್ಟಿಯನ್ನು ಓದಿ ಸಹಿ ಹಾಕುವ ಬದಲು, ಬೀರು ತೆಗೆಸಿ, ಇಬ್ಬರು ವಿದ್ಯಾರ್ಥಿಗಳಿಂದ ಒಂದು ಪ್ರಯೋಗ ಮಾಡಿಸಿ ನೋಡಲಿ. ಪ್ರಾಯೋಗಿಕ ಪರೀಕ್ಷೆಯಲ್ಲಿ ಅಂದವಾದ ರೆಕಾರ್ಡಿನ ಜೊತೆಗೆ, ಪ್ರಯೋಗದ ಹೊತ್ತಿನಲ್ಲೇ ಗೀಚಿದ ಮೂಲ ಹಾಳೆಯನ್ನೂ ಕಡ್ಡಾಯವಾಗಿ ಕೇಳಲಿ. ಪಕ್ಕದ ಮನೆಯ ಹುಡುಗಿ ತನ್ನ ಹಳೆಯ ಪುಟವನ್ನು ಹೊಡೆದುಹಾಕಿ, ಅಜ್ಜಿಯ ಹತ್ತು ನಕ್ಷತ್ರಗಳನ್ನು ಪಿನ್ ಮಾಡಿ ಇಟ್ಟುಕೊಂಡಿದ್ದಾಳೆ. ಐದನೆಯದರ ಮೇಲೆ ‘ಮಳೆ ಬಂತು’ ಎಂದು ಬರೆದಿದೆ.

ಇಂತಿ,
ನಿವೃತ್ತ ಮನೋವಿಜ್ಞಾನ ಅಧ್ಯಾಪಕಿ,
ತೀರ್ಥಹಳ್ಳಿ