‘ಸಾಧ್ಯವಾದಷ್ಟು’ ಎಂಬ ಆ ಒಂದು ಪದ

ಚಿರಂಜೀವಿ ಮಗಳಿಗೆ ಅಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮವಾಗಿದ್ದೇವೆ.

ನಿನ್ನ ಪತ್ರ ಕೈಸೇರಿ ನಾಲ್ಕು ದಿನಗಳಾದವು. ಫೋನಿನಲ್ಲಿಯೇ ಎರಡು ಸಮಾಧಾನದ ಮಾತು ಹೇಳಿ ಮುಗಿಸಬಹುದಾಗಿತ್ತು. ಆದರೆ ನೀನು ಕೂತು ಬರೆದದ್ದಕ್ಕೆ ನಾನೂ ಕೂತು ಬರೆಯುವುದೇ ಸರಿಯೆನಿಸಿತು. ಗ್ರಾಮೀಣ ಸೇವೆಗೆ ಸೇರಿದ ದಿನ ನಿನ್ನ ದಿನಚರಿ ಪುಸ್ತಕದ ಮೊದಲ ಪುಟದಲ್ಲಿ ‘ಯಾವ ರೋಗಿಯ ಮೇಲೂ ದನಿ ಏರಿಸುವುದಿಲ್ಲ’ ಎಂದು ಬರೆದುಕೊಂಡವಳು, ಮೊನ್ನೆ ಸೋಮವಾರ ಮಧ್ಯಾಹ್ನ, ಬೆಳಗಿನಿಂದ ನೂರಕ್ಕೂ ಹೆಚ್ಚು ಜನರನ್ನು ನೋಡಿ ದಣಿದಿದ್ದಾಗ, ಬಿ.ಪಿ. ಮಾತ್ರೆಯನ್ನು ಮತ್ತೆ ನಡುವೆ ಬಿಟ್ಟುಬಂದ ಅಜ್ಜಿಯೊಬ್ಬಳ ಮೇಲೆ ಎಲ್ಲರೆದುರು ಕೂಗಾಡಿದೆಯೆಂದೂ, ಆಕೆ ಏನೂ ಹೇಳದೆ ಸೆರಗಿನ ತುದಿಯಲ್ಲಿ ಚೀಟಿ ಕಟ್ಟಿಕೊಂಡು ಹೊರಟುಹೋದಳೆಂದೂ ಬರೆದಿದ್ದೀಯೆ. ಆ ಪುಟವನ್ನು ಹರಿದುಹಾಕಬೇಕು, ಇಲ್ಲವಾದರೆ ಆ ಸಾಲಿಗೆ ‘ಸಾಧ್ಯವಾದಷ್ಟು’ ಎಂಬ ಪದವನ್ನಾದರೂ ಸೇರಿಸಬೇಕು, ಪಾಲಿಸಲಾಗದ್ದನ್ನು ಬರೆದಿಟ್ಟುಕೊಂಡವಳು ಆಷಾಢಭೂತಿಯಲ್ಲದೆ ಮತ್ತೇನು ಎಂದು ಕೇಳಿದ್ದೀಯೆ.

ಕೂಗಾಡಿದ್ದು ತಪ್ಪು. ಅದನ್ನು ನಾನು ತೇಲಿಸಿ ಹೇಳುವುದಿಲ್ಲ. ಆದರೆ ನನಗೆ ಕೂಗಾಟಕ್ಕಿಂತ ಹೆಚ್ಚು ಆತಂಕ ತಂದದ್ದು ನೀನು ಸೇರಿಸಬೇಕೆಂದಿರುವ ಆ ಪದ. ಏಕೆಂದರೆ ಆ ಪದವನ್ನು ನಾನು ಒಮ್ಮೆ ಸೇರಿಸಿದ್ದೇನೆ, ಅಕ್ಷರದಲ್ಲಲ್ಲ, ಅಂಕಿಯಲ್ಲಿ.

ನಾನು ಊರಿನ ಹಾಲಿನ ಸಂಘದಲ್ಲಿ ಟೆಸ್ಟರ್ ಆಗಿದ್ದ ಕಾಲ ನಿನಗೆ ಮಸುಕಾಗಿ ನೆನಪಿರಬಹುದು. ಬೆಳಗಿನ ಆರು ಗಂಟೆಗೆ ಸಾಲು ಹಚ್ಚುತ್ತಿದ್ದರು. ಪ್ರತಿಯೊಬ್ಬರ ಹಾಲಿನಿಂದ ಸ್ವಲ್ಪ ತೆಗೆದು ಜಾಡಿಗೆ ಸುರಿದು, ಹಾಲಿಗೆ ನೀರು ಬೆರೆತಿದೆಯೇ ಎಂದು ತೋರಿಸುವ ಲ್ಯಾಕ್ಟೋಮೀಟರ್ ಇಳಿಬಿಟ್ಟು, ಅದು ಕುಣಿಯುವುದನ್ನು ನಿಲ್ಲಿಸುವವರೆಗೆ ಕಾದು, ಬಾಗಿ ಕಣ್ಣಿನ ಮಟ್ಟದಲ್ಲಿ ಗೆರೆ ಓದಬೇಕು. ಡಿಗ್ರಿ 26ಕ್ಕಿಂತ ಕೆಳಗಿಳಿದರೆ ನಮ್ಮಲ್ಲಿ ಹಾಲು ವಾಪಸ್. ಕೆಲಸಕ್ಕೆ ಸೇರಿದಾಗ ಗೆರೆ ಎಷ್ಟು ತೋರಿಸುತ್ತದೆಯೋ ಅಷ್ಟನ್ನೇ ಬರೆಯುತ್ತೇನೆಂದು ನಾನೂ ನಿಶ್ಚಯಿಸಿದ್ದೆ, ಮತ್ತು ಅದರ ಬಗ್ಗೆ ನನಗೆ ಸಾಕಷ್ಟು ಜಂಬವೂ ಇತ್ತು.

ನೀನು ಏಳನೆಯ ತರಗತಿಯಲ್ಲಿದ್ದ ವರ್ಷ ನಿನ್ನ ಹಾಸ್ಟೆಲ್ ಶುಲ್ಕವನ್ನು ನಿನ್ನ ದೊಡ್ಡಪ್ಪ ಕಟ್ಟಿದರು. ಆ ಮಳೆಗಾಲದಲ್ಲಿ ಒಂದು ದಿನ ಅವರ ಹಾಲು 24 ತೋರಿಸಿತು. ಆಗತಾನೇ ಕರೆದ ಬೆಚ್ಚಗಿನ ಹಾಲಿನಲ್ಲಿ ಲ್ಯಾಕ್ಟೋಮೀಟರಿನ ಬುರುಡೆ ತುಸು ಹೆಚ್ಚು ಮುಳುಗಿ ಡಿಗ್ರಿ ಕಡಿಮೆ ಬರುತ್ತದೆ. ಅದಕ್ಕೆ ಲೆಕ್ಕ ಹಾಕಿ ಒಂದಿಷ್ಟು ಸೇರಿಸಿ ಓದುವುದು ನ್ಯಾಯವೇ. ‘ಅಣ್ಣನ ಮನೆ ಹತ್ತಿರ, ಹಾಲು ಬಿಸಿಯಾಗಿದೆ’ ಎಂದು ನನಗೆ ನಾನೇ ಹೇಳಿಕೊಂಡು 27 ಎಂದು ಬರೆದೆ. ಹದಿನೈದು ದಿನ ಹಾಗೆಯೇ ನಡೆಯಿತು. ಆ ಹದಿನೈದು ದಿನಗಳ ಕೊನೆಯಲ್ಲಿ ಅಷ್ಟೇ ಹತ್ತಿರದ ಮನೆಯಿಂದ, ಅಷ್ಟೇ ಬಿಸಿಯಾಗಿ ಬಂದ ಮತ್ತೊಬ್ಬರ ಹಾಲನ್ನು 25 ಎಂದು ತಿರುಗಿಸಿ ಕಳುಹಿಸಿದೆ. ಆ ಹೆಣ್ಣುಮಗಳು ಕ್ಯಾನಿನ ಮುಚ್ಚಳವನ್ನು ಒತ್ತಿ ಮುಚ್ಚಿದ ಸದ್ದಿಗೆ ನನಗೆ ಎಚ್ಚರವಾಯಿತು. ಮರುದಿನ ಅಣ್ಣನ ಹಾಲನ್ನೂ ವಾಪಸ್ ಮಾಡಿದೆ. ಯುಗಾದಿಯವರೆಗೆ ಅವರು ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಆದರೆ ಆ ಹದಿನೈದು ದಿನಗಳ ವಿಷಯವನ್ನು ಆಡಳಿತ ಮಂಡಳಿಯ ಮುಂದೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಇವತ್ತಿಗೂ ಹೇಳಿಲ್ಲ, ಮೊದಲ ಸಲ ನಿನಗೆ ಹೇಳುತ್ತಿದ್ದೇನೆ. ಹಾಲು 24 ಬಂದದ್ದು ಅಣ್ಣನ ತಪ್ಪೋ ಹಸುವಿನ ತಪ್ಪೋ ಇರಬಹುದು, ಆದರೆ ಮಾಪಕವನ್ನೇ ಮೂರು ಗೆರೆ ಮೇಲಕ್ಕೆತ್ತಿದವನು ನಾನು.

ಆ ದಿನಗಳಲ್ಲಿಯೇ ನಾನು ಗಾಂಧೀಜಿಯವರ ಆತ್ಮಕಥೆಯನ್ನು ಓದಿದ್ದು. ಅದರಲ್ಲಿ ಹಾಲಿನ ಪ್ರಸಂಗವೊಂದು ಬರುತ್ತದೆ. 1912ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿ ಅವರು ಹಾಲು ಬಿಡುವ ವ್ರತ ತೊಟ್ಟರು. ಹಸು ಎಮ್ಮೆಗಳಿಂದ ಹಾಲು ಹಿಂಡಲು ನಡೆಸುತ್ತಿದ್ದ ‘ಫೂಕಾ’ ಎಂಬ ಹಿಂಸೆಯೂ ಹಾಲಿನ ಮೇಲಿನ ಅವರ ಅಸಹ್ಯಕ್ಕೆ ಕಾರಣವಾಗಿತ್ತು. (ಹಾಲಿನಿಂದಲೇ ಅನ್ನ ಕಂಡ ನಮ್ಮಂಥವರಿಗೆ ಆ ವ್ರತ ಪೂರ್ತಿ ಒಪ್ಪಿಗೆಯಾಗದು, ಅದು ಬೇರೆ ಮಾತು.) 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ತಿರುಗಾಡುವಾಗ ಆಮಶಂಕೆ ಹಿಡಿದು ಸಾವಿನ ಬಾಗಿಲವರೆಗೆ ಹೋದರು. ಹಾಲು ಕುಡಿಯದೆ ಮೈಗೆ ಶಕ್ತಿ ಬರುವುದಿಲ್ಲವೆಂದು ಮುಂಬಯಿಯ ವೈದ್ಯರು ಹೇಳಿದಾಗ ಅವರು ಫೂಕಾದ ಕಾರಣ ಮುಂದಿಟ್ಟರು. ಹಾಗಾದರೆ ಆಡಿನ ಹಾಲಿಗೆ ಏನು ಅಡ್ಡಿ ಎಂದರು ಪಕ್ಕದಲ್ಲಿದ್ದ ಕಸ್ತೂರಬಾ. ಗಾಂಧೀಜಿ ಸೋತರು, ಕುಡಿದರು.

ಮುಂದೆ ಅವರು ಬರೆದಿರುವುದನ್ನು ನೀನು ಓದಬೇಕು. ವ್ರತ ತೊಟ್ಟಾಗ ಮನಸ್ಸಿನಲ್ಲಿದ್ದದ್ದು ಹಸು ಎಮ್ಮೆಗಳು ಮಾತ್ರ, ಆದ್ದರಿಂದ ವ್ರತ ಮುರಿದಿಲ್ಲ ಎನ್ನಬಹುದಿತ್ತು. ಬ್ಯಾರಿಸ್ಟರರಿಗೆ ಆ ವಾದ ಕಷ್ಟವೂ ಅಲ್ಲ, ಕೇಳಿದವರು ಒಪ್ಪಿಯೂ ಬಿಡುತ್ತಿದ್ದರು. ಅವರು ಹಾಗೆನ್ನದೆ, ತಾನು ಉಳಿಸಿಕೊಂಡದ್ದು ವ್ರತದ ಅಕ್ಷರವನ್ನು ಮಾತ್ರ, ಬಲಿಕೊಟ್ಟದ್ದು ಅದರ ಪ್ರಾಣವನ್ನು ಎಂದು ಒಪ್ಪಿಕೊಂಡರು. ಬದುಕಿ ಸತ್ಯಾಗ್ರಹ ನಡೆಸಬೇಕೆಂಬ ಆಸೆ ತನ್ನನ್ನು ಸೋಲಿಸಿತೆಂದೂ, ಸೇವೆ ಮಾಡಬೇಕೆಂಬ ಹಂಬಲವೇ ಎಲ್ಲಕ್ಕಿಂತ ಸೂಕ್ಷ್ಮವಾದ ಮೋಹವೆಂದೂ ಬರೆದರು. ಆ ಮಾತು ನನ್ನನ್ನು ಬಹಳ ದಿನ ಕಾಡಿತು, ಏಕೆಂದರೆ ನನ್ನ 27ರ ಹಿಂದೆಯೂ ಇದ್ದದ್ದು ಅಣ್ಣನ ಋಣ ತೀರಿಸುವ ಒಳ್ಳೆಯ ಆಸೆಯೇ. ನಿನ್ನ ಕೂಗಾಟದ ಹಿಂದೆ ಅಜ್ಜಿ ಬದುಕಿ ಉಳಿಯಲೆಂಬ ಆಸೆ ಇದ್ದಂತೆ.

ಈ ತಪ್ಪೊಪ್ಪಿಗೆ ಅವರ ಕೈಕಟ್ಟಿ ಕೂರಿಸಲೂ ಇಲ್ಲ ಎಂಬುದನ್ನು ಗಮನಿಸು. ಆತ್ಮಕಥೆ ವಾರವಾರವೂ ಪತ್ರಿಕೆಯಲ್ಲಿ ಬರುತ್ತಿದ್ದ ಕಾಲದಲ್ಲಿಯೇ, 1927ರ ಬೇಸಿಗೆಯಲ್ಲಿ, ಆರೋಗ್ಯ ಕೆಟ್ಟು ನಮ್ಮ ನಂದಿಬೆಟ್ಟದಲ್ಲಿ ವಿಶ್ರಾಂತಿಗಿದ್ದರು. ಅಲ್ಲಿಂದ ಬೆಂಗಳೂರಿಗೆ ಇಳಿದು ಬಂದವರು ಸರ್ಕಾರದ ಹೈನುಗಾರಿಕೆ ಸಂಸ್ಥೆಗೆ ಹೋಗಿ ಹಸು ಸಾಕುವ ಪಾಠ ಕಲಿತರು. ಹಾಲಿನ ವಿಷಯದಲ್ಲಿ ಸೋತೆನೆಂದು ಬರೆದುಕೊಂಡ ಮನುಷ್ಯ ಐವತ್ತೇಳನೆಯ ವಯಸ್ಸಿನಲ್ಲಿ ಕೊಟ್ಟಿಗೆಯಲ್ಲಿ ನಿಂತು ಪಾಠ ಕೇಳಿದ್ದನ್ನು ನೆನೆದಾಗಲೆಲ್ಲ ನನಗೆ ಒಂದು ಬಗೆಯ ಸಂತೋಷವಾಗುತ್ತದೆ. ಆಡಿನ ಹಾಲನ್ನು ಮಾತ್ರ ಅವರಿಗೆ ಬಿಡಲಾಗಲಿಲ್ಲ.

ಆದ್ದರಿಂದ ಮಗಳೇ, ಪುಟ ಹರಿಯಬೇಡ, ಪದ ಸೇರಿಸಲೂಬೇಡ. ‘ದನಿ ಏರಿಸುವುದಿಲ್ಲ’ ಎಂಬ ಸಾಲು ಇದ್ದಂತೆಯೇ ಇರಲಿ. ಅದರ ಕೆಳಗೆ ಸೋಮವಾರದ ತಾರೀಖು ಹಾಕಿ, ‘ಈ ದಿನ ಏರಿಸಿದೆ’ ಎಂದು ಬರೆ. ದಣಿವಾಗಿತ್ತು, ಸಾಲು ಉದ್ದವಿತ್ತು ಎಂಬ ಕಾರಣಗಳು ನಿಜವೇ ಆದರೂ ಅವನ್ನು ಅಲ್ಲಿ ಬರೆಯಬೇಡ. ದಣಿವಿಗೆ ಬೇಕಾದದ್ದು ಸಮರ್ಥನೆಯಲ್ಲ, ಔಷಧ, ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಊಟ ಮಾಡು. ಇನ್ನೊಂದು ದಿನ ಕೂಗಿದರೆ ಇನ್ನೊಂದು ತಾರೀಖು ಬರುತ್ತದೆ. ಬರಲಿ.

ನಿಮ್ಮ ಅಮ್ಮ ಅಗಸೆ ಚಟ್ನಿಪುಡಿಯನ್ನೂ ಹುರಿಟ್ಟನ್ನೂ ಕಟ್ಟಿಟ್ಟಿದ್ದಾಳೆ, ಶನಿವಾರದ ಬಸ್ಸಿಗೆ ಕಳುಹಿಸುತ್ತೇನೆ. ಆ ಅಜ್ಜಿಗೆ ಒಂದು ತಿಂಗಳ ಮಾತ್ರೆ ಕೊಟ್ಟಿರುವುದಾಗಿ ಬರೆದಿದ್ದೀಯೆ. ಹಾಗಾದರೆ ಬರುವ ತಿಂಗಳು ಆಕೆ ಮತ್ತೆ ಬರಬೇಕು. ಬಾರದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ ಮನೆ ಎಲ್ಲಿದೆಯೆಂದು ತಿಳಿದುಕೋ.

ಇಂತಿ ನಿನ್ನ ಅಪ್ಪ