ಪುಟ್ಟಿಗೆ, ಅಮ್ಮನಿಂದ

ಪ್ರೀತಿಯ ಪುಟ್ಟಿ,

ದೀಪಾವಳಿಗೆ ಬಂದಾಗ ನೀನು ದೋಸೆಯನ್ನು ಚೂರು ಚೂರು ಮಾಡಿ ತಟ್ಟೆ ತುಂಬ ಹರಡಿದ್ದೆ. ತಿಂದ ಹಾಗೆ ಕಾಣಲಿ ಅಂತ. ನಾನು ನೋಡಿದೆ. ಆದರೆ ಕೇಳಿದ್ದು ಕಾಲುನೋವಿನ ಬಗ್ಗೆ ಮಾತ್ರ. ಎರಡಕ್ಕೂ ನಂಟಿದೆ ಅಂತ ಆಗ ಹೊಳೆಯಲಿಲ್ಲ.

ಮೊಣಕಾಲಿನ ಕೆಳಗೆ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡ ದಿನ ಡಾಕ್ಟರು ಕೇಳಿದ್ದು ಬೇರೆಯೇ. "ನಿದ್ದೆ ಬರುತ್ತಾ? ಪೀರಿಯಡ್ಸ್ ಸರಿಯಾಗಿ ಆಗ್ತಿದೆಯಾ?" ನೀನು ನನ್ನ ಮುಖ ನೋಡಿದೆ. ನಾಲ್ಕು ತಿಂಗಳಿಂದ ಮುಟ್ಟು ನಿಂತಿದ್ದು ನನಗೆ ಗೊತ್ತೇ ಇರಲಿಲ್ಲ. "ಒಳ್ಳೇದೇ ಆಯ್ತು, ಪ್ರಾಕ್ಟೀಸ್ ತಪ್ಪಿಹೋಗಲ್ಲ" ಅಂದಿದ್ದರಂತೆ ಯಾರೋ. ಅದು ಒಳ್ಳೇದಲ್ಲ ಮಗಳೇ. ಊಟ ಸಾಲದಿದ್ದಾಗ, ಮನಸ್ಸಿನ ಒತ್ತಡ ಜಾಸ್ತಿಯಾದಾಗ ದೇಹ ಮುಟ್ಟನ್ನು ನಿಲ್ಲಿಸಿಬಿಡುತ್ತದೆ. ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನು ಇಳಿಯುತ್ತದೆ, ಮೂಳೆಯ ಗಟ್ಟಿತನವೂ ಹೋಗುತ್ತದೆ. ಅಂಥ ಕಾಲಿನಲ್ಲಿ ನೀನು ದಿನಾ ಹರ್ಡಲ್ಸ್ ಹಾರಿದ್ದೀಯ.

ಇದೆಲ್ಲ ಶುರುವಾಗಿದ್ದು ಆಯ್ಕೆಯ ಟ್ರಯಲ್ಸ್ ಭಯದಿಂದ ಅಲ್ವಾ? ತೂಕ ಇಳಿಸಬೇಕು ಅನ್ನುವ ಮಾತಿನಿಂದ. ಭಯದಲ್ಲಿ ಹಸಿವು ಸಾಯುತ್ತದೆ. ಸ್ನಾಯುಗಳು ಬಿಗಿದುಕೊಂಡೇ ಇರುತ್ತವೆ. ರಾತ್ರಿ ಎರಡು ಗಂಟೆವರೆಗೆ ಎಚ್ಚರವಾಗಿದ್ದರೆ ದಿನದ ಪೆಟ್ಟು ರಿಪೇರಿಯಾಗುವುದು ಯಾವಾಗ? ಗಾಢ ನಿದ್ದೆಯಲ್ಲೇ ಬೆಳವಣಿಗೆಯ ಹಾರ್ಮೋನು ಹೆಚ್ಚು ಬರುವುದು. ನೀನು ಸೋಮಾರಿಯಲ್ಲ, ನಾಜೂಕೂ ಅಲ್ಲ. ನಿನ್ನ ದೇಹಕ್ಕೆ ಬಿಡುವೇ ಸಿಗಲಿಲ್ಲ.

ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ನೆನಪಿದ್ದಾಳಲ್ಲ? ಟೋಕಿಯೋ ಒಲಿಂಪಿಕ್ಸ್, 2021ರ ಜುಲೈ 27. ಓಡಿ ಬಂದು ಮೇಜಿನಂಥದ್ದರ ಮೇಲೆ ಕೈಯೂರಿ ಹಾರುವ ವಾಲ್ಟ್‌ನಲ್ಲಿ ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಬೇಕಿತ್ತು. ಒಂದೂವರೆಗೇ ನಿಂತುಹೋಯಿತು. ಮೇಲೆ ಯಾವುದು ಕೆಳಗೆ ಯಾವುದು ಅನ್ನುವ ಅಂದಾಜೇ ತಪ್ಪಿತ್ತು. ಜಿಮ್ನಾಸ್ಟ್‌ಗಳು ಅದನ್ನು ಟ್ವಿಸ್ಟೀಸ್ ಅನ್ನುತ್ತಾರೆ. ಅದೇ ಸ್ಥಿತಿಯಲ್ಲಿ ಮತ್ತೆ ಹಾರಿ ತಲೆಕೆಳಗಾಗಿ ಬಿದ್ದರೆ ಕುತ್ತಿಗೆ ಮುರಿಯಬಹುದು. ಅವಳು ಅಲ್ಲೇ ನಿಲ್ಲಿಸಿದಳು. ಪ್ರಪಂಚವೆಲ್ಲ ಟಿವಿ ಮುಂದೆ ಕೂತಿತ್ತು, ತಂಡಕ್ಕೆ ಪದಕ ಬೇಕಿತ್ತು, ಆದರೂ ನಿಲ್ಲಿಸಿದಳು. ಕೆಲವರು ಹೇಡಿ ಅಂದರು. ನನಗೆ ಇವತ್ತಿಗೂ ಆ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಒಂದು ವಾರದ ಮೇಲೆ ಕಿರಿದಾದ ಪಟ್ಟಿಯ ಮೇಲೆ ಮಾಡುವ ಬೀಮ್‌ನಲ್ಲಿ ಕಂಚು ಗೆದ್ದಳು, ಕೊನೆಯಲ್ಲಿ ಕೆಳಗಿಳಿಯುವಾಗ ಮೈ ತಿರುಚುವ ಟ್ವಿಸ್ಟ್ ಇಲ್ಲದ ಜಿಗಿತ ಆರಿಸಿಕೊಂಡು. 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ.

ನಿನಗೆ ಪದಕ ಬರಲಿ ಅಂತ ಇದನ್ನು ಬರೆಯುತ್ತಿಲ್ಲ. ಅವಳಿಗೆ "ಇವತ್ತು ಆಗಲ್ಲ" ಅಂತ ಬಾಯಿಬಿಟ್ಟು ಹೇಳಲು ಸಾಧ್ಯವಾಯಿತು. ನಿನಗೆ ನನ್ನ ಹತ್ತಿರ ಯಾಕೆ ಆಗಲಿಲ್ಲ ಅಂತ ರಾತ್ರಿಯೆಲ್ಲ ಯೋಚಿಸಿದೆ. ಫೋನ್ ಮಾಡಿದಾಗಲೆಲ್ಲ ನಾನು ಮೊದಲು ಕೇಳುತ್ತಿದ್ದದ್ದೇ "ಟೈಮಿಂಗ್ ಎಷ್ಟು ಬಂತು?" ಅಂತ. ತಪ್ಪಾಯಿತು ಪುಟ್ಟಿ.

ಕೋಚ್ ಸರ್ ಹತ್ತಿರ ಅಪ್ಪ ಮಾತಾಡಿದ್ದಾರೆ. ಡಾಕ್ಟರು ಹೇಳುವವರೆಗೆ ಟ್ರ್ಯಾಕ್ ಇಲ್ಲ. ನನಗೆ ಹೇಳಲು ಕಷ್ಟ ಅನಿಸಿದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಮನಸ್ಸಿನ ಕಷ್ಟ ಹೇಳಿಕೊಳ್ಳುವ ಸರ್ಕಾರದ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ. ನಡುರಾತ್ರಿಯಲ್ಲೂ ಕನ್ನಡದಲ್ಲೇ ಮಾತಾಡಬಹುದು.

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಚಟ್ನಿಪುಡಿ, ತುಪ್ಪ ತರುತ್ತೇನೆ. ನಿನ್ನ ಹಳೇ ರಗ್ಗನ್ನೂ ತರುತ್ತೇನೆ, ಅದಿದ್ದರೆ ನಿನಗೆ ಬೇಗ ನಿದ್ದೆ ಬರುತ್ತಿತ್ತು.

ನಿನ್ನ,
ಅಮ್ಮ